ಹಾದಿ ಹಲವು, ಉಷ್ಣದ ಮೊತ್ತ ಒಂದೇ

ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದಾಗ ಅದು ಬುಸುಗುಟ್ಟುತ್ತಾ ಕಾದು ಅರಳುವುದನ್ನು ನೀವು ನೋಡಿರಬಹುದು. ರಾಸಾಯನಿಕ ಕ್ರಿಯೆಗಳಲ್ಲಿ ಹೀಗೆ ಉಷ್ಣ ಬಿಡುಗಡೆಯಾಗುವುದು ಅಥವಾ ಹೀರಲ್ಪಡುವುದು ಸಾಮಾನ್ಯ. ಈ ಉಷ್ಣದ ಮೊತ್ತ, ಕ್ರಿಯೆ ನಡೆಯುವ ಹಾದಿಯನ್ನು ಅವಲಂಬಿಸಿದೆಯೆ? ಇಲ್ಲ ಎನ್ನುತ್ತದೆ ಹೆಸ್‌ನ ನಿಯಮ. ಪಠ್ಯಪುಸ್ತಕಗಳು ಇದನ್ನು ಉಷ್ಣಗತಿವಿಜ್ಞಾನದ ಮೊದಲನೆಯ ನಿಯಮದಿಂದ ಹೊರಡುವ ಒಂದು ಉಪಫಲವೆಂದು ಕಲಿಸುತ್ತವೆ. ಆದರೆ ಚರಿತ್ರೆ ನಡೆದದ್ದು ಇದಕ್ಕೆ ವಿರುದ್ಧ ಕ್ರಮದಲ್ಲಿ.

1782-83ರ ಚಳಿಗಾಲದಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್, ಕರಗಿದ ಮಂಜುಗಡ್ಡೆಯ ತೂಕದಿಂದ ಉಷ್ಣವನ್ನು ಅಳೆಯುವ ಉಷ್ಣಮಾಪಕವನ್ನು ಬಳಸಿದರು. ಲವಾಸಿಯೆ ಉಷ್ಣವನ್ನು ಒಂದು ಮೂಲವಸ್ತುವೆಂದೇ ತನ್ನ 1789ರ ಪಟ್ಟಿಯಲ್ಲಿ ಸೇರಿಸಿದ್ದ. ಉಷ್ಣವೆಂಬುದು ಒಂದು ದ್ರವ್ಯ ಎಂಬ ಈ ಭಾವನೆ ಅರ್ಧ ಶತಮಾನ ಕಳೆದರೂ ಪೂರ್ತಿ ಮರೆಯಾಗಿರಲಿಲ್ಲ.

ಜರ್ಮೇನ್ ಹೆನ್ರಿ ಹೆಸ್ ಜಿನೀವಾದಲ್ಲಿ 1802ರಲ್ಲಿ ಹುಟ್ಟಿ, ಬಾಲ್ಯದಲ್ಲೇ ರಷ್ಯಾಕ್ಕೆ ಹೋದವನು. ವೈದ್ಯಶಾಸ್ತ್ರ ಓದಿ, ಸೈಬೀರಿಯಾದ ಇರ್ಕುಟ್‌ಸ್ಕ್‌ನಲ್ಲಿ ವೈದ್ಯನಾಗಿದ್ದು, ಅನಂತರ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಸಾಯನವಿಜ್ಞಾನಿಯಾಗಿ ನೆಲೆಸಿದ. ಅವನ ಪ್ರಯೋಗ ಸರಳ. ಸಲ್ಫ್ಯೂರಿಕ್ ಆಮ್ಲವನ್ನು ಅಮೋನಿಯಾ ದ್ರಾವಣದಿಂದ ತಟಸ್ಥಗೊಳಿಸಿ, ಹೊಮ್ಮುವ ಉಷ್ಣವನ್ನು ಅಳೆದ. ಅನಂತರ ಅದೇ ಆಮ್ಲಕ್ಕೆ ಮೊದಲು ಬೇರೆ ಬೇರೆ ಪ್ರಮಾಣದಲ್ಲಿ ನೀರು ಬೆರೆಸಿ ಆ ಉಷ್ಣವನ್ನು ಅಳೆದು, ಆಮೇಲೆ ತಟಸ್ಥಗೊಳಿಸಿದ.

1840ರಲ್ಲಿ ಅವನು ಪ್ರಕಟಿಸಿದ ಅಂಕಿಗಳನ್ನು, ಅವನೇ ಬಳಸಿದ ಮಾನದಲ್ಲಿ, ಗಮನಿಸಿ. ನೀರು ಬೆರೆಸದ ಆಮ್ಲದಿಂದ ದೊರೆತ ಉಷ್ಣ 595.8. ನೀರು ಬೆರೆಸಿದ ಮೂರು ಆಮ್ಲಗಳು ತಟಸ್ಥವಾಗುವಾಗ ಕೊಟ್ಟದ್ದು ಕ್ರಮವಾಗಿ 518.9, 480.5 ಮತ್ತು 446.2. ಆದರೆ ನೀರು ಬೆರೆಸುವಾಗಲೇ ಅವುಗಳಿಂದ 77.8, 116.7 ಮತ್ತು 155.6 ಹೊರಬಂದಿತ್ತು. ಕೂಡಿಸಿ ನೋಡಿ: 596.7, 597.2, 601.8. ನಾಲ್ಕು ಹಾದಿಗಳ ಮೊತ್ತಗಳ ನಡುವೆ ಇರುವ ವ್ಯತ್ಯಾಸ ಶೇಕಡಾ 1ರಷ್ಟು ಮಾತ್ರ!

ಶಕ್ತಿ ಸಂರಕ್ಷಣೆಯನ್ನು ಕುರಿತ ಮೇಯರ್‌ನ ಲೇಖನ ಬಂದದ್ದು 1842ರಲ್ಲಿ. ಜೌಲ್ ಉಷ್ಣದ ಯಾಂತ್ರಿಕ ಸಮಾನವನ್ನು ಅಳೆದು ಪ್ರಕಟಿಸಿದ್ದು 1843ರಲ್ಲಿ. ಹೆಲ್ಮ್‌ಹೋಲ್ಟ್ಸ್‌ನ ಪ್ರಬಂಧ 1847ರದು. ಹೆಸ್ ತನ್ನ ನಿಯಮವನ್ನು ಯಾವ ತತ್ತ್ವದಿಂದಲೂ ನಿಗಮಿಸಲಿಲ್ಲ, ಅಳತೆಗಳಲ್ಲಿ ಕಂಡುಕೊಂಡ.

ಕಾರಣ ಈಗ ನಮಗೆ ತಿಳಿದಿದೆ. ಒಂದೇ ಆರಂಭ, ಒಂದೇ ಅಂತ್ಯವಿರುವ ಎರಡು ಹಾದಿಗಳಲ್ಲಿ ಉಷ್ಣದ ಮೊತ್ತ ಬೇರೆಯಾಗಿದ್ದರೆ, ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಹಿಂದಿರುಗಿ, ಪ್ರತಿ ಸುತ್ತಿಗೂ ಶೂನ್ಯದಿಂದ ಶಕ್ತಿಯನ್ನು ಪಡೆಯಬಹುದಾಗಿತ್ತು. ಅದು ಅಸಾಧ್ಯ.

ಈ ನಿಯಮದಿಂದ, ನೇರವಾಗಿ ಅಳೆಯಲಾಗದ ಉಷ್ಣವನ್ನೂ ಲೆಕ್ಕ ಹಾಕಬಹುದು. ಇಂಗಾಲ ಉರಿದು ಕಾರ್ಬನ್ ಮಾನಾಕ್ಸೈಡ್ ಮಾತ್ರವೇ ಆಗುವಂತೆ ಮಾಡುವುದು ಕಷ್ಟ, ಡೈಆಕ್ಸೈಡೂ ಜೊತೆಗೂಡುತ್ತದೆ. ಆದರೆ ಒಂದು ಮೋಲ್ ಇಂಗಾಲ ಡೈಆಕ್ಸೈಡಾಗುವಾಗ 393.5 ಕಿಲೋಜೌಲ್, ಒಂದು ಮೋಲ್ ಮಾನಾಕ್ಸೈಡ್ ಡೈಆಕ್ಸೈಡಾಗುವಾಗ 283.0 ಕಿಲೋಜೌಲ್ ಹೊರಬರುತ್ತದೆ. ಕಳೆದರೆ ಉಳಿಯುವ 110.5 ಕಿಲೋಜೌಲೇ ನಮಗೆ ಬೇಕಾದ ಉತ್ತರ.

ವಿದ್ಯಾರ್ಥಿಗಳು ಈ ಕೂಡು-ಕಳೆಯುವ ಲೆಕ್ಕಗಳನ್ನು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಇದು ಪ್ರಕೃತಿಯ ಬಗೆಗಿನ ಮಾತು, ತಪ್ಪೂ ಆಗಿರಬಹುದಿತ್ತು ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಆದ್ದರಿಂದ ಅಧ್ಯಾಪಕರಲ್ಲಿ ಒಂದು ವಿನಂತಿ: ಮೊದಲು ಅಳತೆ, ಆಮೇಲೆ ನಿಯಮ.

2 ಗ್ರಾಂ ಸೋಡಿಯಂ ಹೈಡ್ರಾಕ್ಸೈಡನ್ನು 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ 100 ಮಿಲಿಲೀಟರಿನಲ್ಲಿ ಕರಗಿಸಿ. ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಇನ್ನೊಮ್ಮೆ ಅಷ್ಟನ್ನೇ 50 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಏರಿಕೆಯನ್ನು ಗುರುತಿಸಿ. ಆರಿದ ಮೇಲೆ 1 ಮೋಲಾರ್ ಆಮ್ಲದ 50 ಮಿಲಿಲೀಟರನ್ನು ಬೆರೆಸಿ, ಮತ್ತೆ ಗುರುತಿಸಿ. ಮೊದಲನೆಯ ಹಾದಿಯಲ್ಲಿ ಸುಮಾರು 5 ಕಿಲೋಜೌಲ್, ಎರಡನೆಯದರಲ್ಲಿ 2.2 ಮತ್ತು 2.8. ಸೋಡಿಯಂ ಹೈಡ್ರಾಕ್ಸೈಡ್ ಚರ್ಮವನ್ನು ಸುಡುತ್ತದೆ. ಕೈಗವಸು, ರಕ್ಷಣಾ ಕನ್ನಡಕ ಮರೆಯಬೇಡಿ. ಎರಡು ಥರ್ಮೋಕೋಲ್ ಲೋಟಗಳು, ಒಂದು ತಾಪಮಾಪಕ ಸಾಕು.

ನಿಮ್ಮ ತರಗತಿಯ ಅಂಕಿಗಳು ಇಷ್ಟು ಚೆನ್ನಾಗಿ ಹೊಂದದಿರಬಹುದು. ಹೆಸ್‌ನವೂ ಪೂರ್ತಿ ಹೊಂದಿರಲಿಲ್ಲ. ಆ ಸಣ್ಣ ವ್ಯತ್ಯಾಸದ ನಡುವೆಯೂ ಮೊತ್ತ ಒಂದೇ ಎಂದು ಗುರುತಿಸಿದ್ದು ಅವನ ಹಿರಿಮೆ.