ಮಾನವ ಪ್ರದರ್ಶನ

ದೂರದ ನಾಡುಗಳ ಜನರನ್ನು ಗುಡಿಸಲು, ಉಡುಪು, ಸಾಕುಪ್ರಾಣಿಗಳ ಸಮೇತ ಕರೆತಂದು, ಟಿಕೆಟ್ ಇಟ್ಟು ತೋರಿಸುತ್ತಿದ್ದ ವ್ಯಾಪಾರ. 19ನೆಯ ಶತಮಾನದ ಆರಂಭದಿಂದ 20ನೆಯ ಶತಮಾನದ ನಡುಭಾಗದವರೆಗೆ ಯುರೋಪು, ಅಮೆರಿಕಗಳಲ್ಲಿ ನಡೆಯಿತು. ವಸಾಹತುಗಳ ವಿಸ್ತರಣೆಯೂ ಜನಾಂಗಗಳನ್ನು ಮೇಲು ಕೀಳೆಂದು ವಿಂಗಡಿಸುತ್ತಿದ್ದ ಅಂದಿನ ಮಾನವಶಾಸ್ತ್ರವೂ ಇದಕ್ಕೆ ಒತ್ತಾಸೆಯಾಗಿದ್ದವು.

ದಕ್ಷಿಣ ಆಫ್ರಿಕದ ಖೊಯ್‌ಖೊಯ್ ಸಮುದಾಯದ ಸಾರಾ ಬಾರ್ಟ್‌ಮನ್‌ಳನ್ನು 1810ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ಗುಲಾಮಗಿರಿಯ ವಿರೋಧಿಗಳು ನ್ಯಾಯಾಲಯದ ಮೊರೆ ಹೋದರೂ ಫಲ ಸಿಗಲಿಲ್ಲ. 1815ರಲ್ಲಿ ಆಕೆ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಹೆಸರಾಂತ ವಿಜ್ಞಾನಿ ಕೂವ್ಯೇ ದೇಹವನ್ನು ಕೊಯ್ದು, ಅಸ್ಥಿಪಂಜರವನ್ನು ಸಂಗ್ರಹಾಲಯಕ್ಕೆ ಸೇರಿಸಿದ. 1970ರ ದಶಕದವರೆಗೂ ಅದು ಜನರ ಕಣ್ಣಿಗೆ ಬೀಳುತ್ತಿತ್ತು. ಆಕೆಗೆ ತಾಯ್ನಾಡಿನ ಮಣ್ಣು ದೊರೆತದ್ದು 2002ರಲ್ಲಿ.

ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವನು ಹ್ಯಾಂಬರ್ಗ್‌ನ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್. 1870ರ ದಶಕದಲ್ಲಿ ಹಿಮಸಾರಂಗಗಳ ಜೊತೆಗೆ ಉತ್ತರ ಯುರೋಪಿನ ಸಾಮಿ ಜನಾಂಗದ ಕುಟುಂಬವನ್ನೂ ತರಿಸಿ ಕೈತುಂಬ ಕಾಸು ಕಂಡ. 1880ರಲ್ಲಿ ಅವನ ಕಡೆಯವರು ಕೆನಡದ ಲ್ಯಾಬ್ರಡಾರ್ ಕರಾವಳಿಯಿಂದ ಎಂಟು ಮಂದಿ ಇನುಯಿಟರನ್ನು ಕರೆತಂದರು. ಅವರಲ್ಲಿ ಅಬ್ರಹಾಂ ಉಲ್ರಿಕಾಬ್ ಓದು ಬರಹ ಬಲ್ಲವನು, ಪಿಟೀಲು ನುಡಿಸುವವನು, ದೈವಭಕ್ತ ಕ್ರೈಸ್ತ. ಊರಿನ ಕ್ರೈಸ್ತ ಮಿಷನ್ನಿನ ಅಂಗಡಿಯ ಸಾಲ ತೀರೀತೆಂದು ಹೆಂಡತಿ, ಇಬ್ಬರು ಎಳೆಯ ಹೆಣ್ಣುಮಕ್ಕಳೊಂದಿಗೆ ಹೊರಟಿದ್ದ. ನೋಡಬಂದವರಿಗೆ ಬೇಕಾಗಿದ್ದವನು ಮಾತ್ರ ತೊಗಲುಡುಗೆಯ ಹಿಮಬೇಟೆಗಾರ. ಬರ್ಲಿನ್ನಿನಲ್ಲಿ ಜನ ಅವರ ಗುಡಿಸಲಿನೊಳಕ್ಕೇ ನುಗ್ಗಿದರು. ಅಬ್ರಹಾಂ ಚಾವಟಿ, ಈಟಿ ಹಿಡಿದು ಹೆದರಿಸಿ ಅವರನ್ನು ಹೊರಗಟ್ಟಬೇಕಾಯಿತು. ಇದನ್ನು ಅವನೇ ತನ್ನ ಭಾಷೆಯಲ್ಲಿ ದಿನಚರಿಯಾಗಿ ಬರೆದಿಟ್ಟ. ಸಿಡುಬಿನ ಲಸಿಕೆಯನ್ನು ಅವರಿಗೆ ಸಕಾಲದಲ್ಲಿ ಯಾರೂ ಹಾಕಿಸಿರಲಿಲ್ಲ. 1881ರ ಜನವರಿ ಮುಗಿಯುವ ಮೊದಲೇ ಎಂಟೂ ಮಂದಿ ಸತ್ತರು. ಪ್ರದರ್ಶನಕ್ಕೊಳಗಾದ ಸಾವಿರಾರು ಜನರ ಮನದ ಮಾತು ಇತಿಹಾಸದಲ್ಲಿ ಉಳಿದಿಲ್ಲವೆಂದೇ ಹೇಳಬೇಕು. ಆ ಕಾರಣಕ್ಕೆ, ಮೂಲ ಕಳೆದುಹೋಗಿ ಜರ್ಮನ್ ಅನುವಾದದಲ್ಲಷ್ಟೇ ಉಳಿದಿರುವ ಈ ದಿನಚರಿ ಬೆಲೆಕಟ್ಟಲಾಗದ ದಾಖಲೆ.

ಮುಂದೆ ಸರ್ಕಾರಗಳೇ ಈ ಕೆಲಸಕ್ಕಿಳಿದವು. 1886ರಲ್ಲಿ ಲಂಡನ್ನಿನ ವಸಾಹತು ಪ್ರದರ್ಶನದಲ್ಲಿ ಭಾರತದ ಸಾಂಪ್ರದಾಯಿಕ ಕುಶಲಕರ್ಮಿಗಳೆಂದು ಕೂರಿಸಿದವರಲ್ಲಿ ಬಹುಪಾಲು ಆಗ್ರಾ ಜೈಲಿನಲ್ಲಿ ಕಸುಬು ಕಲಿತ ಕೈದಿಗಳು. ನೋಡುಗರ ಕಲ್ಪನೆಯ ಭಾರತವನ್ನು ಜೈಲಿನಿಂದ ಒದಗಿಸಲಾಯಿತು. 1897ರಲ್ಲಿ ಬೆಲ್ಜಿಯಂನ ಟೆರ್ವುರೆನ್‌ಗೆ ತಂದ 267 ಕಾಂಗೋ ಜನರಲ್ಲಿ ಏಳು ಮಂದಿ ಅಲ್ಲೇ ಮಡಿದರು. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯ 1906ರಲ್ಲಿ ಕಾಂಗೋದ ಓಟಾ ಬೆಂಗಾನನ್ನು ಕೋತಿಗಳ ಮನೆಯಲ್ಲಿಟ್ಟಿತು. ಕಪ್ಪು ಜನರ ಪಾದ್ರಿಗಳು ಪ್ರತಿಭಟಿಸಿ ಬಿಡಿಸಿದರು. ಊರಿಗೆ ಮರಳಲಾಗದೆ ಅವನು 1916ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಬ್ರಸೆಲ್ಸ್‌ನ 1958ರ ಮೇಳದಲ್ಲೂ ಕಾಂಗೋ ‘ಹಳ್ಳಿ’ಯೊಂದಿತ್ತು. ಬೇಲಿಯಾಚೆಯಿಂದ ಬಾಳೆಹಣ್ಣು ಎಸೆಯುವವರ ಕಾಟಕ್ಕೆ ರೋಸಿ ಅಲ್ಲಿದ್ದವರು ಹೊರಟುಹೋದರು.

ಈ ನೋಟ ಇನ್ನೂ ಅಳಿದಿಲ್ಲ. ಅಂಡಮಾನ್ ಟ್ರಂಕ್ ರಸ್ತೆಯಲ್ಲಿ ಜಾರವಾ ಬುಡಕಟ್ಟಿನ ಮಹಿಳೆಯರನ್ನು ತಿಂಡಿಯ ಆಸೆ ತೋರಿಸಿ ಕುಣಿಸಿದ ವಿಡಿಯೊ 2012ರಲ್ಲಿ ಬಯಲಾಗಿ ದೇಶವೇ ತಲೆತಗ್ಗಿಸಿತು. ಅದೇ ವರ್ಷ ಅಲ್ಲಿನ ಬುಡಕಟ್ಟುಗಳ ರಕ್ಷಣೆಯ 1956ರ ನಿಯಮಾವಳಿಗೆ ತಿದ್ದುಪಡಿ ತಂದು ಶಿಕ್ಷೆಯನ್ನು ಬಿಗಿಗೊಳಿಸಲಾಯಿತು. ಜಾರವಾ ಜನರ ಫೋಟೊ ತೆಗೆಯುವುದು ಇಂದು ಶಿಕ್ಷಾರ್ಹ ಅಪರಾಧ.