ಎರಡು ಚಂದಮಾಮ, ಒಂದು ಕಾಗದ

ಕನ್ನಡ ನನ್ನ ತಾಯಿನುಡಿ. ಆದರೆ ಕನ್ನಡ ಓದಲು ನನಗೆ ದಾರಿ ತೋರಿದ್ದು ತೆಲುಗು. ಹೀಗೆಂದರೆ ಊರಿನ ಬಂಧುಗಳು ನಗುತ್ತಾರೆ. ವಿಜಯವಾಡದಲ್ಲೋ ವಿಶಾಖಪಟ್ಟಣದಲ್ಲೋ ಮಕ್ಕಳನ್ನು ಬೆಳೆಸಿದವರು ಮಾತ್ರ ನಗಲಾರರು.

ತಂದೆಯವರು ಕೇಂದ್ರ ಸರ್ಕಾರದ ನೌಕರಿಯ ಮೇಲೆ ಗದಗಿನಿಂದ ವಿಜಯವಾಡಕ್ಕೆ ಬಂದಾಗ ನಾನು ಕೈಗೂಸು. ಸತ್ಯನಾರಾಯಣಪುರದಲ್ಲಿ ಬಾಡಿಗೆ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಶಾಲೆಯಲ್ಲಿ ತಿದ್ದಿದ್ದು ತೆಲುಗು ಅಕ್ಷರ. ಅಜ್ಜಿಯ ನೀಲಿ ಇನ್‌ಲ್ಯಾಂಡ್ ಕಾಗದ ಬಂದರೆ ಅವ್ವ ಓದುವಳು, ನಾನು ಕೇಳುವೆನು. ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಬರೆದ ಕೊನೆಯ ಸಾಲು ಯಾವಾಗಲೂ ಒಂದೇ: “ತಮ್ಮ ತಾನ ಎಂದು ಬರೀತಾನ?”

ಬೇಸಿಗೆ ರಜೆಯಲ್ಲಿ ಗುಂಟೂರಿನಿಂದ ಮೀಟರ್ ಗೇಜ್ ಗಾಡಿಯಲ್ಲಿ ಊರಿಗೆ ಹೋಗುತ್ತಿದ್ದೆವು. ಆ ಮಾರ್ಗ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ. ಗಿದ್ದಲೂರು ದಾಟಿದರೆ ನಲ್ಲಮಲ ಕಾಡು, ಆಮೇಲೆ ನಂದ್ಯಾಲ, ಗುಂತಕಲ್. ಬಳ್ಳಾರಿಯಲ್ಲಿ ನಿಲ್ದಾಣದ ಹಲಗೆಯ ಅಕ್ಷರದ ತಲೆಕಟ್ಟು ಬೇರೆಯಾಗಿರುತ್ತಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಸೇರಿತು, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು ಎಂಬುದನ್ನು ನಾನು ಓದಿದ್ದು ಬಹಳ ತಡವಾಗಿ. ಆಗ ಗೊತ್ತಿದ್ದದ್ದು ಇಷ್ಟೇ: ಬಳ್ಳಾರಿ ಬಂತೆಂದರೆ ನಾನು ನಿರಕ್ಷರಿ!

ಗದಗಿನಲ್ಲಿ ಸೋದರಮಾವ ವರ್ಷದ ‘ಚಂದಮಾಮ’ಗಳನ್ನು ದಾರದಿಂದ ಕಟ್ಟಿ ಇಟ್ಟಿರುತ್ತಿದ್ದರು. ತೆಲುಗು ಚಂದಮಾಮ ಹುಟ್ಟಿದ್ದು 1947ರ ಜುಲೈಯಲ್ಲಿ, ಕನ್ನಡದ್ದು 1949ರಲ್ಲಿ. ಕಥೆ ಅದೇ, ಚಿತ್ರ ಅದೇ. ಹೆಣ ಹೊತ್ತು ನಡೆಯುವ ವಿಕ್ರಮನ, ಚಿತ್ರಕಾರ ಶಂಕರ್ ಬರೆದ ಆ ಚಿತ್ರ ಎರಡರಲ್ಲೂ ಇತ್ತು. 1987ರ ಬೇಸಿಗೆಯಲ್ಲಿ ಆ ಕಟ್ಟನ್ನು ವಿಜಯವಾಡಕ್ಕೆ ತಂದೆ. ಪಕ್ಕದ ಮನೆಯ ಪಿನ್ನಿಗಾರು ಅದೇ ತಿಂಗಳುಗಳ ತೆಲುಗು ಸಂಚಿಕೆ ಹುಡುಕಿ ಕೊಟ್ಟರು. ಎರಡನ್ನೂ ನೆಲದ ಮೇಲೆ ಹಾಸಿ ಕೂತೆ. ಗ, ಮ, ಯ, ರ ತಲೆಕಟ್ಟು ಬದಲಿಸಿಕೊಂಡ ಹಳೆಯ ಗೆಳೆಯರು. ಕ, ತ ಮಾತ್ರ ಸತಾಯಿಸಿದವು. ತೆಲುಗಿನಲ್ಲಿ ತಲೆಯ ಮೇಲೆ ಕೂರುವ ದೀರ್ಘ, ಕನ್ನಡದಲ್ಲಿ ಪಕ್ಕಕ್ಕೆ ಇಳಿದು ನಿಲ್ಲುತ್ತಿತ್ತು. ಕಥೆ ಮೊದಲೇ ಗೊತ್ತಿದ್ದರಿಂದ ಊಹೆ ತಪ್ಪುತ್ತಿರಲಿಲ್ಲ.

ಇದು ನನ್ನ ಜಾಣತನವಲ್ಲ, ಚರಿತ್ರೆಯ ಉಪಕಾರ. ಎರಡೂ ಲಿಪಿಗಳ ಬೇರು ಒಂದೇ. ಸುಮಾರು 13ನೇ ಶತಮಾನದಿಂದ ಮೆಲ್ಲಗೆ ಕವಲೊಡೆದ ಅವು, 19ನೇ ಶತಮಾನದಲ್ಲಿ ಅಚ್ಚಿನ ಮೊಳೆಗಳು ಬಂದ ಮೇಲೆ ಈಗಿನ ರೂಪಕ್ಕೆ ನೆಲೆ ನಿಂತವು. ನಮ್ಮ ಎರಡು ಊರುಗಳ ನಡುವೆ ಏಲೂರಿನ ಬಳಿ ಇರುವ ವೇಂಗಿಯಲ್ಲಿ 7ನೇ ಶತಮಾನದಲ್ಲಿ ಆಳಿದವನು ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ. ಆದಿಕವಿ ಪಂಪನ ಪೂರ್ವಿಕರು ವೇಂಗಿ ನಾಡಿನವರು. ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ವಲಸೆ ಬಂದವರು ನಾವೇ ಮೊದಲಿಗರಲ್ಲ.

ಆ ವರ್ಷ ದಸರೆಗೆ ಅಜ್ಜಿಗೆ ಕಾಗದ ಬರೆದೆ. ತಿಳಿಯದ ಕಡೆ ತೆಲುಗು ಅಕ್ಷರವನ್ನೇ ಹಾಕಿದೆ. ಅವ್ವ ತಿದ್ದಲು ಹೋದಾಗ ತಂದೆಯವರು, “ಹಾಗೇ ಹೋಗಲಿ” ಎಂದರು. ಹದಿನೈದು ದಿನಕ್ಕೆ ಉತ್ತರ ಬಂತು. ಅವ್ವ ಅದನ್ನು ಒಡೆಯದೆ ನನ್ನ ಕೈಗೆ ಕೊಟ್ಟಳು. “ತಮ್ಮಾ, ನಿನ್ನ ಕಾಗದ ಮುಟ್ಟಿತು. ಅರ್ಧ ನಾ ಓದಿದೆ. ಉಳಿದದ್ದು ಎದುರು ಮನಿ ಬಳ್ಳಾರಿ ಸೊಸಿ ಓದಿ ಹೇಳಿದಳು. ಮುಂದಿನದು ಪೂರಾ ನಾನ ಓದೂ ಹಂಗ ಬರಿ.”

ಮುಂದಿನದು ಹಾಗೇ ಬರೆದೆ.

ಈಗ ನಾನು ವಿಶಾಖಪಟ್ಟಣದಲ್ಲಿ ಗುಮಾಸ್ತ. ಚಂದಮಾಮ 2013ರಲ್ಲಿ ನಿಂತುಹೋಯಿತು. ಅಜ್ಜಿಯೂ ಇಲ್ಲ. ಅವಳ ಕಾಗದಗಳನ್ನು ನಾನು ಓದುತ್ತೇನೆ, ಮಗಳು ಕೇಳುತ್ತಾಳೆ. ಮಗಳಿಗೆ ತೆಲುಗು ಸೊಗಸಾಗಿ ಬರುತ್ತದೆ. ಮನೆಯಲ್ಲಿ ಅಚ್ಚ ಕನ್ನಡ ಆಡುತ್ತಾಳೆ. ಊರಿನವರಿಗೆ ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾಳೆ. ತಪ್ಪು ಅವಳದಲ್ಲ. ಎರಡು ಪುಸ್ತಕಗಳನ್ನು ಪಕ್ಕಪಕ್ಕ ಹಾಸಿ ನಾನು ಕೂತಿರಲಿಲ್ಲ.

ಕಳೆದ ಭಾನುವಾರ ಕೂತೆ. ಒಂದು ಕಡೆ ತೆಲುಗು ಪತ್ರಿಕೆ, ಇನ್ನೊಂದು ಕಡೆ ನಮ್ಮ ಸಂಘದ ಈ ಮಾಸಪತ್ರಿಕೆ. ಗ, ಮ, ಯ, ರ ಸಲೀಸಾಗಿ ಓದಿದಳು. ಕ ಬಂದಾಗ ತಡವರಿಸಿ ನನ್ನ ಮುಖ ನೋಡಿದಳು. ನಾನೂ ಅಲ್ಲೇ ತಡವರಿಸಿದ್ದೆ.