ವಿಶೇಷ ಅಭಿವೃದ್ಧಿ ಯೋಜನೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು

ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ರಾಜ್ಯ ಸರ್ಕಾರವು 2000ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ರಚಿಸಿತು. 2002ರಲ್ಲಿ ವರದಿ ಸಲ್ಲಿಸಿದ ಸಮಿತಿಯು ಜಿಲ್ಲೆಯ ಬದಲು ತಾಲ್ಲೂಕನ್ನು ಘಟಕವಾಗಿ ಪರಿಗಣಿಸಿತು. ಜಿಲ್ಲಾ ಸರಾಸರಿಯಲ್ಲಿ ದಾವಣಗೆರೆ ನಗರದ ವಾಣಿಜ್ಯ ಹಾಗೂ ವಿದ್ಯಾಸಂಸ್ಥೆಗಳೂ ಸೇರುವುದರಿಂದ, ಜಗಳೂರಿನಂತಹ ಬರಪೀಡಿತ ತಾಲ್ಲೂಕಿನ ಕೊರತೆಯು ಅದರಲ್ಲಿ ಮರೆಯಾಗುತ್ತದೆ.

ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಮೊದಲಾದ 35 ಸೂಚಕಗಳಿಂದ ಪ್ರತಿ ತಾಲ್ಲೂಕಿನ ಸಮಗ್ರ ಅಭಿವೃದ್ಧಿ ಸೂಚ್ಯಂಕವನ್ನು ಸಿದ್ಧಪಡಿಸಲಾಯಿತು. ರಾಜ್ಯದ ಸರಾಸರಿಯನ್ನು 1 ಎಂದು ಪರಿಗಣಿಸಲಾಗಿ, ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿರುವುದು ಕಂಡುಬಂದಿತು:

- ಅತ್ಯಂತ ಹಿಂದುಳಿದ ತಾಲ್ಲೂಕುಗಳು: 39 (ಚನ್ನಗಿರಿ ಸೇರಿದಂತೆ)
- ಅತಿ ಹಿಂದುಳಿದ ತಾಲ್ಲೂಕುಗಳು: 40 (ಹೊನ್ನಾಳಿ, ಜಗಳೂರು ಸೇರಿದಂತೆ)
- ಹಿಂದುಳಿದ ತಾಲ್ಲೂಕುಗಳು: 35

ಈ ತಾಲ್ಲೂಕುಗಳಿಗಾಗಿ 8 ವರ್ಷಗಳ ಅವಧಿಗೆ ರೂ. 31,000 ಕೋಟಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿಯು ಶಿಫಾರಸು ಮಾಡಿತು. ಯೋಜನೆಯ ಅನುಷ್ಠಾನವು 2007-08ನೇ ಸಾಲಿನಿಂದ ಆರಂಭವಾಯಿತು. ಯೂರೋಪಿಯನ್ ಒಕ್ಕೂಟವು ತಲಾ ಆಂತರಿಕ ಉತ್ಪನ್ನವು ತನ್ನ ಸರಾಸರಿಯ ಶೇ. 75ಕ್ಕಿಂತ ಕಡಿಮೆಯಿರುವ ಪ್ರದೇಶಗಳಿಗೆ ಹೆಚ್ಚಿನ ನೆರವು ನೀಡುವುದೂ ಇದೇ ತತ್ತ್ವದ ಮೇಲೆ. ಆದರೆ ಅಲ್ಲಿ ಉತ್ಪನ್ನವೇ ಮುಖ್ಯ ಮಾನದಂಡವಾಗಿದ್ದು, ಇಲ್ಲಿ ಶಾಲೆ, ಆಸ್ಪತ್ರೆ, ರಸ್ತೆಗಳ ಲಭ್ಯತೆಯನ್ನೂ ಪರಿಗಣಿಸಲಾಗಿದೆ.

ನ್ಯಾಮತಿಯು 2002ರಲ್ಲಿ ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. 2017-18ನೇ ಸಾಲಿನ ಆಯವ್ಯಯದಲ್ಲಿ ಹೊಸ ತಾಲ್ಲೂಕಾಗಿ ಘೋಷಿತವಾದ ಕಾರಣ, ಸದರಿ ವರದಿಯಲ್ಲಿ ಇದಕ್ಕೆ ಪ್ರತ್ಯೇಕ ಸೂಚ್ಯಂಕವಿರುವುದಿಲ್ಲ. ಅನುದಾನವು ಸೂಚ್ಯಂಕವನ್ನು ಆಧರಿಸಿದಾಗ, ಹೊಸ ತಾಲ್ಲೂಕಿನ ನೈಜ ಕೊರತೆಯನ್ನು ಗುರುತಿಸಲು ಪ್ರತ್ಯೇಕ ಅಂಕಿ-ಅಂಶಗಳು ಅವಶ್ಯಕ. ಪ್ರಾದೇಶಿಕ ಅಸಮತೋಲನದ ಮರು ಅಧ್ಯಯನಕ್ಕಾಗಿ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಲಾಯಿತು.